ಮಂಡೆಗೆ ಬಿದ್ದ ಪೆಟ್ಟಿಗೆ ಮೊಡವೆಯ ಮಾತ್ರೆ?

ಮಳೆ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಎರಡು ಮದ್ದು ಜಾಸ್ತಿ ಖರ್ಚಾಗುತ್ತದೆ. ಒಂದು ಅಡಿಕೆ ಮರಕ್ಕೆ, ಇನ್ನೊಂದು ಮನುಷ್ಯರಿಗೆ. ಅಡಿಕೆಗೆ ಬೋರ್ಡೋ, ಅಂದರೆ ಮೈಲುತುತ್ತು ಮತ್ತು ಸುಣ್ಣ ಕಲಸಿದ ನೀಲಿ ನೀರು, ಕೊಳೆರೋಗ ಬಾರದ ಹಾಗೆ. ಮನುಷ್ಯರಿಗೆ ಡಾಕ್ಸಿಸೈಕ್ಲಿನ್, ಇಲಿಜ್ವರ ಬಾರದ ಹಾಗೆ. ತೋಟದ ಕೆಸರಿನಲ್ಲಿ, ಗದ್ದೆಯ ನೀರಿನಲ್ಲಿ ಕೆಲಸ ಮಾಡುವವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ, ಅಂದರೆ ನೂರರ ಎರಡು ಮಾತ್ರೆ, ಊಟ ಮಾಡಿದ ಮೇಲೆ. ನನ್ನದು ಸಣ್ಣ ಮೆಡಿಕಲ್ ಶಾಪ್. ಮೊದಲನೇ ಮದ್ದು ನಾನು ಮಾರುವುದಿಲ್ಲ, ಆದರೆ ಅದನ್ನು ಬಿಡಲು ಮರ ಹತ್ತಿ ಬಿದ್ದವರ ಚೀಟಿ ಮಾತ್ರ ಪ್ರತೀ ಮಳೆಗಾಲ ನನ್ನ ಮೇಜಿಗೆ ಬರುತ್ತದೆ.

ಜುಲೈಯ ಒಂದು ಸಂಜೆ ಹಾಗೆಯೇ ಒಬ್ಬರು ಅಕ್ಕ ಬಂದರು. ಕೊಡೆಯನ್ನು ಮೆಟ್ಟಿಲಿಗೆ ಒರಗಿಸಿ, ಸೆರಗಿನಲ್ಲಿ ಫೋನ್ ಒರೆಸಿ ನನ್ನ ಮುಂದೆ ಹಿಡಿದರು.

"ಅಣ್ಣಾ, ಈ ಮಾತ್ರೆ ನಿಮ್ಮಲ್ಲಿ ಉಂಟಾ?"

ವಾಟ್ಸಾಪ್ ಮೆಸೇಜು. ಮಿನೋಸೈಕ್ಲಿನ್ ಎಂಬ ಹಳೆಯ ಆಂಟಿಬಯೋಟಿಕ್ ತಿಂದರೆ ಪೆಟ್ಟು ಬಿದ್ದ ಮೆದುಳು ಮೊದಲಿನ ಹಾಗೆ ಆಗುತ್ತದೆ ಎಂದು ಬರೆದಿತ್ತು. ಕೆಳಗೆ ಹತ್ತು ಜನಕ್ಕೆ ಕಳಿಸಬೇಕೆಂಬ ಅಪ್ಪಣೆ ಬೇರೆ. ಅವರ ಯಜಮಾನರು ಮದ್ದು ಬಿಡುವಾಗ ಮರದಿಂದ ಜಾರಿ ಬಿದ್ದು, ಮಂಗಳೂರಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದು ಮನೆಗೆ ಬಂದಿದ್ದರು. ಮಾತು ನಿಧಾನ, ಸಿಟ್ಟು ಜಾಸ್ತಿ, ಲೈಟು ಹಾಕಿದರೆ ಕಣ್ಣು ಮುಚ್ಚಿಕೊಳ್ಳುತ್ತಾರಂತೆ.

"ಉಂಟು ಅಕ್ಕಾ, ಆದರೆ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಚೀಟಿ ಇದ್ದರೂ ಇದಕ್ಕೆ ಕೊಡುವುದು ಕಷ್ಟವೇ" ಎಂದೆ. ಅಂಗಡಿಯಲ್ಲಿ ಜನ ಇದ್ದರು, ಅರ್ಧಂಬರ್ಧ ಹೇಳಿ ಕಳಿಸಿದೆ. ಆಮೇಲೆ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಆ ಮೆಸೇಜು ಪೂರಾ ಸುಳ್ಳಾಗಿದ್ದರೆ ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಪೂರಾ ಸುಳ್ಳಲ್ಲ, ಅದೇ ತಾಪತ್ರಯ.

ಮೊದಲು ಪೆಟ್ಟಿನ ವಿಷಯ. ಮೆದುಳು ಹೆಚ್ಚುಕಡಿಮೆ 1.4 ಕಿಲೋ ತೂಗುತ್ತದೆ, ರಾಗಿ ಮಣ್ಣಿಯಷ್ಟು ಮೆತ್ತಗೆ. ಅದು ಗಟ್ಟಿ ಬುರುಡೆಯೊಳಗೆ ನೀರಿನಲ್ಲಿ ತೇಲಿಕೊಂಡಿರುತ್ತದೆ. ಮೂವತ್ತು ಅಡಿ ಮೇಲಿಂದ ಬಿದ್ದಾಗ ಬುರುಡೆ ನೆಲಕ್ಕೆ ತಾಗಿ ಗಕ್ಕನೆ ನಿಲ್ಲುತ್ತದೆ, ಮೆದುಳು ನಿಲ್ಲುವುದಿಲ್ಲ. ಅದು ಒಳಗೋಡೆಗೆ ಬಡಿಯುತ್ತದೆ, ತಿರುಚುತ್ತದೆ, ನೂಲಿಗಿಂತ ಸಪೂರದ ನರದ ಎಳೆಗಳು ಎಳೆದು ಹರಿಯುತ್ತವೆ. ಇದು ಒಂದು ಕ್ಷಣದ ಕೆಲಸ. ಇದಕ್ಕೆ ಯಾವ ಮಾತ್ರೆಯೂ ಇಲ್ಲ, ಮುಂದೆಯೂ ಇರಲಿಕ್ಕಿಲ್ಲ. ಹರಿದದ್ದು ಹರಿಯಿತು.

ಆದರೆ ತಲೆಪೆಟ್ಟಿನ ವಿಶೇಷ ಏನೆಂದರೆ ಪೆಟ್ಟು ಎರಡು ಸಲ ಬೀಳುತ್ತದೆ. ಎರಡನೆಯದು ಗಂಟೆಗಳ ಲೆಕ್ಕದಲ್ಲಿ, ದಿನಗಳ ಲೆಕ್ಕದಲ್ಲಿ, ಸದ್ದಿಲ್ಲದೆ ಬೀಳುತ್ತದೆ. ಒಡೆದ ಜೀವಕೋಶಗಳಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಚೆಲ್ಲುತ್ತದೆ. ಅದು ಮೆದುಳಿನಲ್ಲಿ ಮಾಮೂಲಾಗಿ ಇರುವಂಥದ್ದೇ, ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಅದರಿಂದ. ಜಾಸ್ತಿ ಚೆಲ್ಲಿದರೆ ಪಕ್ಕದ ಕೋಶಗಳು ಉದ್ರೇಕಗೊಂಡೇ ಸಾಯುತ್ತವೆ. ರಕ್ತನಾಳದ ಗೋಡೆ ಸೋರಲು ಶುರುವಾಗಿ ನೀರು ಒಳಗೆ ಬರುತ್ತದೆ, ಮೆದುಳು ಊದುತ್ತದೆ. ಕಾಲು ಊದಿದರೆ ಚಪ್ಪಲಿ ಬಿಚ್ಚಬಹುದು, ಬುರುಡೆಯನ್ನು ಏನು ಮಾಡುವುದು? (ಕೆಲವೊಮ್ಮೆ ಸರ್ಜನ್‌ಗಳು ಅದನ್ನೂ ಬಿಚ್ಚುತ್ತಾರೆ, ಒಂದು ಭಾಗ ತೆಗೆದಿಡುತ್ತಾರೆ.) ಬಿದ್ದ ಮನುಷ್ಯ ಎದ್ದು ಕೂತು ನೀರು ಕುಡಿದು ಮಾತಾಡಿ, ಕೆಲವು ಗಂಟೆ ಬಿಟ್ಟು ಪ್ರಜ್ಞೆ ತಪ್ಪುವುದನ್ನು ನಮ್ಮ ಊರುಗಳಲ್ಲಿ ಕಂಡವರಿದ್ದಾರೆ. ಅದು ಒಳಗೆ ನಿಧಾನಕ್ಕೆ ಸೇರುವ ರಕ್ತದಿಂದಲೂ ಆಗುತ್ತದೆ, ಹೀಗೆ ಊದುವುದರಿಂದಲೂ ಆಗುತ್ತದೆ.

ಮದ್ದಿಗೆ ಅವಕಾಶ ಇರುವುದು ಈ ಎರಡನೇ ಪೆಟ್ಟಿನಲ್ಲಿ. ಇಲ್ಲಿ ಬರುತ್ತದೆ ಮೈಕ್ರೋಗ್ಲಿಯಾ.

ಮೈಕ್ರೋಗ್ಲಿಯಾ ಅಂದರೆ ಮೆದುಳಿನ ಕಾವಲುಗಾರ ಕೋಶಗಳು. 1919ರಲ್ಲಿ ಸ್ಪೇನಿನ ಪಿಯೋ ದೆಲ್ ರಿಯೋ ಒರ್ತೇಗಾ ಇವಕ್ಕೆ ಈ ಹೆಸರಿಟ್ಟರು. ಸುಮ್ನೆ ಇರುವಾಗ ಇವು ಸಪೂರ ಕೈಗಳನ್ನು ಚಾಚಿಕೊಂಡು ಅಕ್ಕಪಕ್ಕ ಸವರುತ್ತಿರುತ್ತವೆ. ಪೆಟ್ಟಾದರೆ ಕೈ ಮಡಚಿ, ದಪ್ಪಗಾಗಿ ಅಲ್ಲಿಗೆ ಓಡುತ್ತವೆ. ಇವುಗಳ ಸ್ವಭಾವ ಅರ್ಥವಾಗಬೇಕಾದರೆ ತೋಟಕ್ಕೆ ಹಂದಿ ನುಗ್ಗಿದ ರಾತ್ರಿಯನ್ನು ನೆನಪು ಮಾಡಿಕೊಳ್ಳಿ. ಒಬ್ಬ ಕೂಗು ಹಾಕುತ್ತಾನೆ. ಹತ್ತು ಮನೆಯವರು ಟಾರ್ಚು, ದೊಣ್ಣೆ, ನಾಯಿ ಸಮೇತ ಓಡಿ ಬರುತ್ತಾರೆ. ಹಂದಿ ಐದು ನಿಮಿಷದಲ್ಲಿ ಗುಡ್ಡ ಹತ್ತಿಯಾಯಿತು. ಆದರೆ ಜನ ಬೆಳಗ್ಗಿನವರೆಗೆ ತೋಟದಲ್ಲಿ ಓಡಾಡುತ್ತಾರೆ, ಒಬ್ಬರನ್ನು ನೋಡಿ ಇನ್ನೊಬ್ಬರು ಕೂಗುತ್ತಾರೆ. ಹಂದಿ ಉರುಳಿಸಿದ ಬಾಳೆ ನಾಲ್ಕು, ಜನ ತುಳಿದದ್ದು ಹದಿನಾಲ್ಕು, ನೀರಿನ ಪೈಪೂ ಒಡೆಯಿತು. ಮೈಕ್ರೋಗ್ಲಿಯಾ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಉರಿಯೂತದ ರಾಸಾಯನಿಕಗಳನ್ನು ಬಿಟ್ಟು ಇನ್ನಷ್ಟು ಜನರನ್ನು ಕರೆಯುತ್ತವೆ, ಚೆನ್ನಾಗಿದ್ದ ಕೋಶಗಳೂ ಆ ಗಲಾಟೆಯಲ್ಲಿ ಹೋಗುತ್ತವೆ. ಈ ಗಲಾಟೆ ವಾರದಲ್ಲಿ ನಿಲ್ಲಬೇಕೆಂದೂ ಇಲ್ಲ. 2011ರಲ್ಲಿ ಲಂಡನ್ನಿನವರು ಪ್ರಕಟಿಸಿದ ಸ್ಕ್ಯಾನ್ ಅಧ್ಯಯನದಲ್ಲಿ ಪೆಟ್ಟು ಬಿದ್ದು 17 ವರ್ಷ ಕಳೆದ ಮೆದುಳಿನಲ್ಲೂ ಮೈಕ್ರೋಗ್ಲಿಯಾ ಎದ್ದು ಕೂತಿರುವುದು ಕಂಡಿತ್ತು. ಹದಿನೇಳು ವರ್ಷ! ಹಂದಿ ಸತ್ತು ಅದರ ಮರಿಮಕ್ಕಳೂ ಸತ್ತಿರುತ್ತವೆ.

ಹಂದಿಯ ಕಥೆಯ ಇನ್ನೊಂದು ಅರ್ಧ ಬಾಕಿ ಉಂಟು, ಅದನ್ನು ಆಮೇಲೆ ಹೇಳುತ್ತೇನೆ.

ಈಗ ಮಾತ್ರೆ. ಮಿನೋಸೈಕ್ಲಿನ್ ನಮ್ಮ ಡಾಕ್ಸಿಯ ತಮ್ಮ ಇದ್ದ ಹಾಗೆ, ಇಬ್ಬರೂ ಟೆಟ್ರಾಸೈಕ್ಲಿನ್ ಮನೆತನದವರು. ಈ ಮನೆತನದ ಹಿರಿಯ ಆರಿಯೋಮೈಸಿನ್. ಅಮೆರಿಕದ ಮಿಸೌರಿಯ ಒಂದು ಹೊಲದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಬೆಂಜಮಿನ್ ಡಗ್ಗರ್ ಅದನ್ನು ತೆಗೆದರು, 1948ರಲ್ಲಿ ಲೋಕಕ್ಕೆ ತಿಳಿಯಿತು. ಡಗ್ಗರ್ ಕೆಲಸ ಮಾಡುತ್ತಿದ್ದ ಲೆಡರ್ಲಿ ಕಂಪನಿಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ವರ್ಷ ಅವರು ತೀರಿಕೊಂಡರು. ನನ್ನ ಅಂಗಡಿಗೆ ಬರುವವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಆ ಹೆಸರು ಕೇಳಿಲ್ಲ, ಅವರ ಕಾಲದ ಕೆಲಸದ ಫಲವನ್ನು ಮಾತ್ರ ವಾರಕ್ಕೊಮ್ಮೆ ನುಂಗುತ್ತಾರೆ. ಮಿನೋಸೈಕ್ಲಿನ್ ಬಂದದ್ದು 1970ರ ದಶಕದ ಆರಂಭದಲ್ಲಿ, ಅದೇ ಕಂಪನಿಯಿಂದ. ಈಗ ಹೆಚ್ಚಾಗಿ ಮೊಡವೆಗೆ ಬರೆಯುತ್ತಾರೆ, ಕುಷ್ಠರೋಗಕ್ಕೂ ಬಳಕೆಯಿದೆ.

ಬ್ಯಾಕ್ಟೀರಿಯಾಕ್ಕೆ ಇದು ಮಾಡುವುದು ಸರಳ. ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ತಯಾರಿಸುವ ಯಂತ್ರಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ತಯಾರಿ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಸರಿ. ಆದರೆ ಮರದಿಂದ ಬಿದ್ದವನ ಮೆದುಳಿನಲ್ಲಿ ಬ್ಯಾಕ್ಟೀರಿಯಾ ಎಲ್ಲಿದೆ?

ಇಲ್ಲ. ವಿಷಯದ ಬೇರು ಅಲ್ಲೇ ಇರುವುದು. 1983ರಲ್ಲಿ ಅಮೆರಿಕದ ಲಾರ್ನ್ ಗೋಲುಬ್ ಎಂಬ ಹಲ್ಲಿನ ವಿಜ್ಞಾನಿ ಮತ್ತು ಅವರ ಸಂಗಡಿಗರು ಸಕ್ಕರೆ ಕಾಯಿಲೆಯ ಇಲಿಗಳಿಗೆ ಮಿನೋಸೈಕ್ಲಿನ್ ಕೊಟ್ಟು ನೋಡಿದರು. ವಸಡನ್ನು ತಿನ್ನುವ ಒಂದು ಕಿಣ್ವ ಇಳಿಯಿತು. ಬ್ಯಾಕ್ಟೀರಿಯಾ ಸತ್ತದ್ದರಿಂದ ಇಳಿದಿರಬೇಕು ಅಂತ ಯಾರಾದರೂ ಹೇಳುತ್ತಾರೆ, ಅಲ್ವಾ? ಆದರೆ ಹುಟ್ಟಿನಿಂದ ಒಂದೂ ಬ್ಯಾಕ್ಟೀರಿಯಾ ತಾಗದ ಹಾಗೆ ಸಾಕಿದ ಇಲಿಗಳಲ್ಲೂ ಅದೇ ಫಲ ಬಂತು. ಕೊಲ್ಲಲು ಏನೂ ಇಲ್ಲದ ಕಡೆ ಆಂಟಿಬಯೋಟಿಕ್ ಕೆಲಸ ಮಾಡಿದೆ ಅಂದ ಮೇಲೆ ಅದಕ್ಕೆ ಇನ್ನೊಂದು ಕಸುಬು ಗೊತ್ತಿದೆ ಎಂದೇ ಅರ್ಥ.

ಇದು ನಮಗೆ ಹೊಸ ಮಾತಲ್ಲ, ನಮ್ಮ ಬೋರ್ಡೋ ನೀರಿನ ಹುಟ್ಟೂ ಹೀಗೆಯೇ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದವರು ದಾರಿ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಎರಚುತ್ತಿದ್ದದ್ದು ಕಳ್ಳರನ್ನು ಹೆದರಿಸಲು. ನೀಲಿ ಬಣ್ಣ ಕಂಡು ವಿಷ ಅಂತ ಯಾರೂ ಮುಟ್ಟುತ್ತಿರಲಿಲ್ಲ. 1882ರಲ್ಲಿ ಮಿಲಾರ್ಡೆ ಎಂಬ ಪ್ರೊಫೆಸರ್ ನೋಡುತ್ತಾರೆ, ಒಳಗಿನ ಸಾಲುಗಳಿಗೆಲ್ಲ ಬೂಷ್ಟು ರೋಗ, ದಾರಿ ಬದಿಯ ಸಾಲು ಮಾತ್ರ ಹಸಿರು. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲಿ ಅದನ್ನೇ ಅಡಿಕೆಯ ಕೊಳೆರೋಗಕ್ಕೆ ತಿರುಗಿಸಿದರು. ಕಳ್ಳರ ಮದ್ದು ಕೊಳೆಯ ಮದ್ದಾಯಿತು. ಮನುಷ್ಯರ ಮದ್ದಿನಲ್ಲೂ ಹೀಗೆ ಆಗುತ್ತದೆ. ಮುಟ್ಟಿನ ರಕ್ತ ಜಾಸ್ತಿ ಹೋಗುವವರಿಗೆ ನಾನು ದಿನಾ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆಯಲ್ಲ, ಅದನ್ನೇ ಇಂಜೆಕ್ಷನ್ ಆಗಿ ತಲೆಪೆಟ್ಟಿನ 12,000ಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೆಟ್ಟು ತೀರಾ ಜೋರಿಲ್ಲದವರಿಗೆ, ಮೂರು ಗಂಟೆಯೊಳಗೆ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು ಕಂಡಿತು.

ಮಿನೋಸೈಕ್ಲಿನ್‌ಗೆ ಎರಡು ಅನುಕೂಲ ಇದೆ. ಮೆದುಳಿನ ರಕ್ತನಾಳಗಳ ಬೇಲಿ ಭಾರೀ ಬಿಗಿ, ಎಷ್ಟೋ ಮದ್ದುಗಳು ಹೊರಗೇ ನಿಲ್ಲುತ್ತವೆ. ಇದು ಕೊಬ್ಬಿನಲ್ಲಿ ಕರಗುವ ಗುಣದ್ದು, ಒಳಗೆ ನುಸುಳುತ್ತದೆ. ನುಸುಳಿದ ಮೇಲೆ ಮೈಕ್ರೋಗ್ಲಿಯಾದ ಗಲಾಟೆ ಇಳಿಸುತ್ತದೆ, ಆ ಬೇಲಿಯನ್ನೇ ಕತ್ತರಿಸುವ ಎಂಎಂಪಿ-9 ಎಂಬ ಕಿಣ್ವವನ್ನು ತಡೆಯುತ್ತದೆ, ಪೆಟ್ಟು ತಿಂದ ಕೋಶ ತನ್ನನ್ನು ತಾನೇ ಕೊಂದುಕೊಳ್ಳುವ ಏರ್ಪಾಟಿಗೂ ಅಡ್ಡಗಾಲು ಹಾಕುತ್ತದೆ. 1998ರಲ್ಲಿ ಫಿನ್ಲೆಂಡಿನವರು ಮೆದುಳಿಗೆ ರಕ್ತ ನಿಲ್ಲಿಸಿದ ಜೆರ್ಬಿಲ್ ಎಂಬ ಇಲಿಜಾತಿಯ ಪ್ರಾಣಿಗಳಲ್ಲಿ ಇದು ನರಕೋಶ ಉಳಿಸುವುದನ್ನು ತೋರಿಸಿದರು. 2001ರಲ್ಲಿ ತಲೆಗೆ ಪೆಟ್ಟು ಕೊಟ್ಟ ಇಲಿಗಳಲ್ಲೂ ಗಾಯ ಚಿಕ್ಕದಾಯಿತು, ನಡಿಗೆ ಸುಧಾರಿಸಿತು. ಅಲ್ಲಿಂದ ಇದು ಮೆದುಳಿನ ಕಾಯಿಲೆಗಳಿಗೆಲ್ಲ ರಾಮಬಾಣ ಎಂಬ ಸಂಭ್ರಮ. ನಮ್ಮ ಅಕ್ಕನ ಫೋನಿನಲ್ಲಿದ್ದದ್ದು ಈ ಸಂಭ್ರಮದ ಬಾಲ.

ಇಲಿಗೂ ನಮಗೂ ಇರುವ ದೂರವನ್ನು ನಾನು ಅಂಗಡಿಯ ಲೆಕ್ಕದಲ್ಲಿ ಹೇಳುತ್ತೇನೆ. ಇಲಿಗಳಿಗೆ ಸಾಮಾನ್ಯವಾಗಿ ಕೊಡುತ್ತಿದ್ದದ್ದು ಕಿಲೋಗೆ 45 ಮಿಲಿಗ್ರಾಂ. ಅರವತ್ತು ಕಿಲೋದ ಮನುಷ್ಯನಿಗೆ ಹಾಗೆಯೇ ಗುಣಿಸಿದರೆ 2,700 ಮಿಲಿಗ್ರಾಂ, ನೂರರ ಇಪ್ಪತ್ತೇಳು ಕ್ಯಾಪ್ಸೂಲ್, ಒಂದೇ ದಿನಕ್ಕೆ. ನಾವು ಮೊಡವೆಗೆ ಕೊಡುವುದು ದಿನಕ್ಕೆ ಒಂದೋ ಎರಡೋ. ಇಲಿಯ ದೇಹ ಮದ್ದನ್ನು ಬೇಗ ಹೊರಹಾಕುತ್ತದೆ, ಹಾಗಾಗಿ ಈ ಗುಣಾಕಾರ ನೇರವಾಗಿ ಸರಿಯಲ್ಲ, ಆದರೂ ಅಂತರ ಎಷ್ಟೆಂದು ಗೊತ್ತಾಗುತ್ತದಲ್ಲ. ಮತ್ತೆ ಪ್ರಯೋಗಾಲಯದಲ್ಲಿ ಇಲಿಗೆ ಪೆಟ್ಟು ಬಿದ್ದ ಅರ್ಧ ಗಂಟೆಗೇ ಸೂಜಿ ಚುಚ್ಚಬಹುದು. ಪೆರ್ಲದ ಆಚೆಯ ಗುಡ್ಡದ ತೋಟದಲ್ಲಿ ಬಿದ್ದವನನ್ನು ಹೊತ್ತು ರಸ್ತೆಗೆ ತಂದು, ಜೀಪು ಹಿಡಿದು, ತಲಪಾಡಿಯ ಕೇರಳ-ಕರ್ನಾಟಕ ಗಡಿ ದಾಟಿ ಮಂಗಳೂರು ಮುಟ್ಟಿಸುವುದರಲ್ಲಿ ಎಷ್ಟು ಅರ್ಧ ಗಂಟೆಗಳು ಕಳೆಯುತ್ತವೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. 2020ರಲ್ಲಿ ಕೊರೊನಾಕ್ಕೆ ಆ ಗಡಿ ಮುಚ್ಚಿದ ದಿನಗಳನ್ನಂತೂ ನೆನೆಸುವುದೇ ಬೇಡ. ಇದೇ ಕಾರಣಕ್ಕೆ ನ್ಯೂಯಾರ್ಕಿನ ಪೀಟರ್ ಬರ್ಗೋಲ್ಡ್ ಅವರ ತಂಡ ಮಿನೋಸೈಕ್ಲಿನ್ ಜೊತೆಗೆ ಎನ್-ಅಸಿಟೈಲ್‌ಸಿಸ್ಟೀನ್ ಸೇರಿಸಿ, ಪ್ರಾಣಿಗಳಲ್ಲಿ ತಡವಾಗಿ ಕೊಟ್ಟರೂ ಉಪಯೋಗ ಆಗುತ್ತದಾ ಎಂದು ನೋಡುತ್ತಾ ಬಂದಿದೆ. ಎನ್-ಅಸಿಟೈಲ್‌ಸಿಸ್ಟೀನ್ ಅಂದರೆ ಕಫ ಕರಗಿಸಲು ನೀರಿಗೆ ಹಾಕಿ ಕುಡಿಯುವ ಆ ಬುರುಬುರು ಮಾತ್ರೆ. ಅದೂ ಹಳೆಯ ಮದ್ದೇ.

ಮನುಷ್ಯರಲ್ಲಿ ಏನಾಯಿತು? ಸಣ್ಣ ಸಣ್ಣ ಪ್ರಯೋಗಗಳು ನಡೆದವು. 2019ರಲ್ಲಿ ಅಮೆರಿಕದಿಂದ ಬಂದ ವರದಿಯಲ್ಲಿ ತಲೆಪೆಟ್ಟಿನ 15 ರೋಗಿಗಳಿದ್ದರು, ಹೆಚ್ಚಿನ ಡೋಸನ್ನು ಒಂದು ವಾರ ಕೊಟ್ಟರೆ ತಡೆಯುತ್ತಾರಾ ಎಂಬುದು ಮುಖ್ಯ ಪ್ರಶ್ನೆಯಾಗಿತ್ತು, ತಡೆದರು. ಹದಿನೈದು ಜನರಿಂದ ಗುಣವಾಯಿತೋ ಇಲ್ಲವೋ ಎಂದು ತೀರ್ಮಾನಿಸಲು ಆಗುವುದಿಲ್ಲ. ಬೆನ್ನುಹುರಿಯ ಗಾಯಕ್ಕೆ ಕೆನಡಾದಲ್ಲಿ 52 ಜನರ ಮೇಲೆ ನಡೆದದ್ದು 2012ರಲ್ಲಿ ಬಂತು, ಆಸೆ ಹುಟ್ಟಿಸಿತು ಅಷ್ಟೆ, ಗಟ್ಟಿ ಪುರಾವೆ ಸಿಗಲಿಲ್ಲ.

ನನ್ನನ್ನು ನಿಲ್ಲಿಸಿದ್ದು 2018ರ ಲಂಡನ್ ಅಧ್ಯಯನ. ಪೆಟ್ಟು ಬಿದ್ದು ಆರು ತಿಂಗಳಾದರೂ ಕಳೆದಿದ್ದ 15 ಜನ. ಅವರಲ್ಲಿ ಹತ್ತು ಮಂದಿಗೆ ದಿನಕ್ಕೆ ಎರಡು ಸಲ ನೂರರ ಮಿನೋಸೈಕ್ಲಿನ್, ಹನ್ನೆರಡು ವಾರ. ಸ್ಕ್ಯಾನಿನಲ್ಲಿ ಮೈಕ್ರೋಗ್ಲಿಯಾ ನಿಜವಾಗಿಯೂ ತಣ್ಣಗಾಗಿತ್ತು. ಮಾತ್ರೆ ಹೇಳಿದ ಕೆಲಸ ಮಾಡಿತ್ತು. ಆದರೆ ನರದ ಎಳೆ ಹಾಳಾದಾಗ ರಕ್ತಕ್ಕೆ ಸೋರುವ ಒಂದು ಪ್ರೋಟೀನ್ ಇದೆ, ನ್ಯೂರೋಫಿಲಮೆಂಟ್ ಲೈಟ್ ಅಂತ. ಮಾತ್ರೆ ತಿಂದವರಲ್ಲಿ ಅದು ಏರಿತ್ತು. ಗಲಾಟೆ ನಿಂತಿತು, ಹಾನಿ ಜಾಸ್ತಿಯಾಯಿತು.

ಈಗ ಹಂದಿಯ ಕಥೆಯ ಬಾಕಿ ಅರ್ಧ. ರಾತ್ರಿ ತೋಟ ತುಳಿದ ಅದೇ ಜನ ಬೆಳಗ್ಗೆ ಬಂದು ಬಾಗಿದ ಬಾಳೆಗೆ ಊರುಗೋಲು ಕೊಡುತ್ತಾರೆ, ಪೈಪ್ ಜೋಡಿಸುತ್ತಾರೆ, ಮುರಿದ ದಿಂಡು ಎತ್ತಿ ಆಚೆ ಹಾಕುತ್ತಾರೆ. ರಾತ್ರಿ ಬೈದು ಎಲ್ಲರನ್ನೂ ಓಡಿಸಿ ಗೇಟಿಗೆ ಬೀಗ ಹಾಕಿದರೆ ಬೆಳಗ್ಗೆ ಕೆಲಸಕ್ಕೆ ಯಾರಿದ್ದಾರೆ? ಮೈಕ್ರೋಗ್ಲಿಯಾಕ್ಕೂ ಈ ಎರಡನೇ ಕೆಲಸ ಉಂಟು, ಸತ್ತ ಕೋಶ ಗುಡಿಸುವುದು, ಉಳಿದವನ್ನು ಸಾಕುವುದು. ಮೊದಲ ಗಂಟೆಗಳಲ್ಲಿ ಸುಮ್ಮನಿರಿಸಿದರೆ ಒಳ್ಳೆಯದಾಗಬಹುದಾದ ಕೋಶವನ್ನೇ ತಿಂಗಳುಗಳ ಮೇಲೆ ಸುಮ್ಮನಿರಿಸಿದರೆ ಕೆಟ್ಟದಾಗಬಹುದು. ಆ ಅಧ್ಯಯನ ಸಣ್ಣದು, ಅದೊಂದರಿಂದ ಬಾಗಿಲು ಮುಚ್ಚಿತು ಎನ್ನಲಾಗದು. ಆದರೆ ಮನೆಗೆ ಬಂದ ಮೇಲೆ ಸ್ವಂತಕ್ಕೆ ಮಾತ್ರೆ ಶುರು ಮಾಡುವವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ನನಗೆ ಗೊತ್ತಿಲ್ಲ. ಎಎಲ್‌ಎಸ್ ಎಂಬ ನರರೋಗದಲ್ಲೂ ಹೀಗೆಯೇ ಆಗಿತ್ತು. ಇಲಿಗಳಲ್ಲಿ ಚಂದದ ಫಲ, ಮನುಷ್ಯರಲ್ಲಿ 412 ಜನರ ಪ್ರಯೋಗ 2007ರಲ್ಲಿ ಮುಗಿದಾಗ ಮಿನೋಸೈಕ್ಲಿನ್ ತಿಂದವರು ತಿನ್ನದವರಿಗಿಂತ ಶೇಕಡಾ 25ರಷ್ಟು ಬೇಗ ಕುಸಿಯುತ್ತಿದ್ದರು.

ತಲೆಪೆಟ್ಟಿನ ಚಿಕಿತ್ಸೆಗೆ ಈ ಏಟು ಹೊಸದೂ ಅಲ್ಲ. ಊತ ಇಳಿಸುತ್ತದೆ ಎಂಬ ನಂಬಿಕೆಯಿಂದ ಮೂವತ್ತು ವರ್ಷಕ್ಕೂ ಮಿಕ್ಕಿ ಡಾಕ್ಟರುಗಳು ತಲೆಪೆಟ್ಟಿಗೆ ಸ್ಟೀರಾಯ್ಡ್ ಕೊಡುತ್ತಿದ್ದರು. ಕೇಳಿದರೆ ಸರಿಯೆನಿಸುವ ತರ್ಕ. ಕೊನೆಗೆ ಕ್ರ್ಯಾಶ್ ಎಂಬ ದೊಡ್ಡ ಪ್ರಯೋಗ ನಡೆಯಿತು, 10,008 ರೋಗಿಗಳು. 2004ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಎರಡು ವಾರದೊಳಗೆ ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ 21 ಮಂದಿ, ಪಡೆಯದವರಲ್ಲಿ 18 ಮಂದಿ ಸತ್ತಿದ್ದರು. ಆ ಮೂರು ಜನರ ವ್ಯತ್ಯಾಸ ಒಂದು ಆಸ್ಪತ್ರೆಯಲ್ಲಿ ಕೂತ ಒಬ್ಬ ಡಾಕ್ಟರಿಗೆ ಜನ್ಮದಲ್ಲಿ ಕಾಣುವುದಿಲ್ಲ, ಹತ್ತು ಸಾವಿರ ಜನರನ್ನು ಎಣಿಸಿದರೆ ಮಾತ್ರ ಕಾಣುತ್ತದೆ.

ಹಾಗಾದರೆ ಮಿನೋಸೈಕ್ಲಿನ್‌ಗೂ ಹತ್ತು ಸಾವಿರ ಜನರ ಪ್ರಯೋಗ ಮಾಡಬಾರದಾ? ಮಾಡಬೇಕು. ದುಡ್ಡು ಯಾರು ಹಾಕುವುದು? ಪೇಟೆಂಟ್ ಮುಗಿದು ಎಷ್ಟೋ ಕಾಲವಾದ ಮಾತ್ರೆ, ಯಾವ ಕಂಪನಿ ಬೇಕಾದರೂ ಮಾಡಿ ಮಾರಬಹುದು. ಒಬ್ಬರು ಕೋಟಿಗಟ್ಟಲೆ ಸುರಿದು ಪ್ರಯೋಗ ಮಾಡಿದರೆ ಲಾಭ ಪಕ್ಕದವನಿಗೆ. ಹೀಗಾಗಿ ಇಂಥ ಪರೀಕ್ಷೆಗಳಿಗೆ ಸರಕಾರ, ವಿಶ್ವವಿದ್ಯಾಲಯಗಳೇ ಕೈ ಹಾಕಬೇಕು. ಅಗ್ಗದ ಮದ್ದಿನ ಶಾಪ ಇದು, ಅಗ್ಗವಾಗಿರುವುದೇ ಅದರ ತಪ್ಪು.

ಇನ್ನು "ಹಳೇ ಮಾತ್ರೆ ಅಲ್ವಾ, ತಿಂದರೆ ನಷ್ಟ ಏನು" ಎನ್ನುವವರಿಗೆ. ಮಿನೋಸೈಕ್ಲಿನ್ ತಲೆಸುತ್ತು ತರುತ್ತದೆ, ಬಿದ್ದು ಎದ್ದವರಿಗೆ ಮೊದಲೇ ತಲೆಸುತ್ತು ಇರುತ್ತದೆ. ಬಹಳ ದಿನ ತಿಂದರೆ ಚರ್ಮ, ವಸಡು ನೀಲಿಗಪ್ಪಾಗುವುದುಂಟು, ಅಪರೂಪಕ್ಕೆ ಲಿವರಿಗೂ ತೊಂದರೆ. ಇನ್ನೊಂದಂತೂ ವಿಚಿತ್ರ. ಕೆಲವರಲ್ಲಿ ಇದು ಬುರುಡೆಯೊಳಗಿನ ಒತ್ತಡವನ್ನೇ ಏರಿಸುತ್ತದೆ, ತಲೆನೋವು, ಕಣ್ಣು ಮಂಜು. ಯಾವುದನ್ನು ಇಳಿಸಲು ಹೊರಟೆವೋ ಅದನ್ನೇ.

ತಲೆಗೆ ಪೆಟ್ಟಾದವರನ್ನು ನೋಡುವಾಗ ಮನೆಯವರ ಕೈಯಲ್ಲಿರುವುದು ಬೇರೆ. ಬಿದ್ದವರನ್ನು ಕೈಕಾಲು ಹಿಡಿದು ಎಳೆಯಬೇಡಿ, ಕುತ್ತಿಗೆ ಅಲುಗದ ಹಾಗೆ ಹಲಗೆಯ ಮೇಲೆ ಮಲಗಿಸಿ. ವಾಂತಿ, ಮಂಪರು, ಫಿಟ್ಸ್, ಕಿವಿ ಮೂಗಿನಲ್ಲಿ ರಕ್ತ ಅಥವಾ ನೀರು, ಒಂದು ಕಣ್ಣಿನ ಪಾಪೆ ದೊಡ್ಡದು, ಇವುಗಳಲ್ಲಿ ಒಂದು ಕಂಡರೂ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ನೋವೆಂದು ಆಸ್ಪಿರಿನ್ ಕೊಡಬೇಡಿ.

ಆ ಅಕ್ಕ ಎರಡು ವಾರ ಬಿಟ್ಟು ಮತ್ತೆ ಬಂದರು, ಯಜಮಾನರ ಫಿಟ್ಸ್ ಮಾತ್ರೆಗೆ. ಮಂಗಳೂರಿನ ಡಾಕ್ಟರಿಗೆ ಆ ಮೆಸೇಜು ತೋರಿಸಿದರಂತೆ, ಅವರೂ ಬೇಡ ಎಂದರಂತೆ. ಫಿಟ್ಸ್ ಮಾತ್ರೆಯ ಚೀಟಿಯ ಜೊತೆ ಅಕ್ಕನದೇ ಹೆಸರಿನ ಇನ್ನೊಂದು ಚೀಟಿಯಿತ್ತು, ಆರೋಗ್ಯ ಕೇಂದ್ರದ್ದು, ಡಾಕ್ಸಿ. ತೋಟದ ಕೆಲಸ ಈಗ ಅವರೊಬ್ಬರ ಮೇಲೆ ಬಿದ್ದಿದೆ. ಲೆಕ್ಕ ಮಾಡುತ್ತಾ ಕೇಳಿದೆ, "ಎರಡನೇ ಸಲದ ಮದ್ದು ಬಿಡಲು ಯಾರು ಮರ ಹತ್ತುವುದು ಅಕ್ಕಾ?"

"ಯಾರೂ ಇಲ್ಲ. ಮಗ ಸೊಸೈಟಿಯಲ್ಲಿ ಸಾಲ ಮಾಡಿ ಕಾರ್ಬನ್ ಫೈಬರಿನ ದೋಟಿ ತಂದಿದ್ದಾನೆ, ನೆಲದಲ್ಲೇ ನಿಂತು ಬಿಡುವಂಥದ್ದು" ಎಂದು ಕೊಡೆ ಬಿಡಿಸಿದರು. "ಇವರು ಜಗಲಿಯಲ್ಲಿ ಕೂತು, ಆ ಮರಕ್ಕೆ ತಾಗಲಿಲ್ಲ, ಈ ಮರಕ್ಕೆ ತಾಗಲಿಲ್ಲ ಅಂತ ಬೈತಾ ಇರ್ತಾರೆ."